ಕೊನೆಯ ನಾಲ್ಕು ಸಾಲು

ನನಗೊಂದು ಕೆಟ್ಟ ಚಟವಿದೆ. ಯಾವ ಕಥೆ ಕೈಗೆ ಬಂದರೂ ಮೊದಲು ಅದರ ಕೊನೆಯ ಪುಟ ತೆರೆಯುತ್ತೇನೆ. ಅಲ್ಲಿ ನಾಲ್ಕು ಸಾಲು ಓದಿ, ಆಮೇಲೆ ನಿಧಾನವಾಗಿ ಮೊದಲಿಗೆ ಬರುತ್ತೇನೆ. ನನ್ನ ಹೆಂಡತಿಗೆ ಇದನ್ನು ಕಂಡರೆ ಮೈ ಉರಿಯುತ್ತದೆ. "ಊಟಕ್ಕೆ ಕುಂತು ಮೊದ್ಲು ಮಜ್ಜಿಗೆ ಅನ್ನ ಉಂಡು, ಆಮ್ಯಾಲೆ ಪಾಯಸ ಕೇಳಿದಂಗಾತು ನಿಮ್ಮ ಓದು" ಎನ್ನುತ್ತಾಳೆ. ಒಮ್ಮೆ ವಾಚನಾಲಯದಲ್ಲಿ ನಾನು ಪುಸ್ತಕವನ್ನು ಹಿಂದಿನಿಂದ ತಿರುವುತ್ತಿದ್ದುದನ್ನು ನೋಡಿದ ಪಕ್ಕದವರು ಬಹಳ ಗೌರವದಿಂದ, "ತಮಗೆ ಉರ್ದು ಬರ್ತೈತೇನ್ರಿ?" ಎಂದು ಕೇಳಿದ್ದರು. ಬರುವುದಿಲ್ಲ. ಕಲಿಸಲು ಒಬ್ಬರು ಸಿದ್ಧರಿದ್ದರು. ನಾನೇ ಮುಂದಿನ ಭಾನುವಾರ, ಮುಂದಿನ ಭಾನುವಾರ ಎನ್ನುತ್ತ ಕಾಲ ಕಳೆದೆ.

ಆ ಒಬ್ಬರ ಹೆಸರು ಗೌಸ್ ಸಾಬ್. ಹರಿಹರದಲ್ಲಿ ಪುಸ್ತಕ ಕಟ್ಟುತ್ತಿದ್ದರು. ಅವರ ನೆನಪಾದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ. ಹಾಗಾಗಿ ಅವರ ವಿಷಯಕ್ಕೆ ನೇರವಾಗಿ ಹೋಗದೆ ಸ್ವಲ್ಪ ಸುತ್ತು ಹಾಕಿಕೊಂಡೇ ಬರುತ್ತೇನೆ, ಓದುಗರು ಕ್ಷಮಿಸಬೇಕು.

ಐವತ್ತರ ದಶಕ ಮುಗಿಯಲು ಬಂದಿತ್ತು. ದಾವಣಗೆರೆಯ ಒಂದು ಹತ್ತಿ ಗಿರಣಿಯ ಟೈಂ ಆಫೀಸಿನಲ್ಲಿ ನಾನು ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವುದೇ ಕೆಲಸ. ನಮ್ಮ ತಂದೆಯದು ಪೇಟೆಯಲ್ಲಿ ಅರಳೆ ದಲ್ಲಾಳಿ ಅಂಗಡಿ. ಮಗ ಗಾದಿ ಬಿಟ್ಟು ಗಿರಣಿಯ ಸ್ಟೂಲಿನ ಮೇಲೆ ಕೂತದ್ದು ಅವರಿಗೆ ಸರಿಕಂಡಿರಲಿಲ್ಲ. ನನಗೆ ಮಾತ್ರ ನನ್ನ ಅಕ್ಷರದ ಮೇಲೆ ಬಹಳ ಅಭಿಮಾನ. ಇಡೀ ಆಫೀಸಿನಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇರಲಿಲ್ಲ. ಅಕ್ಷರ ದುಂಡಗಿದ್ದವನ ಬುದ್ಧಿಯೂ ಚೊಕ್ಕವಾಗಿರುತ್ತದೆ ಎಂದು ಆಗ ನಾನು ಮನಸಾರೆ ನಂಬಿದ್ದೆ.

ಗಿರಣಿಯ ಹಾಜರಿ ಪುಸ್ತಕಗಳನ್ನು ಕಟ್ಟಿಸಿಕೊಂಡು ಬರಲು ನನ್ನನ್ನು ಹರಿಹರಕ್ಕೆ ಕಳಿಸಿದ್ದರು. ಸ್ಟೇಷನ್ನಿನಲ್ಲಿ ಇಳಿದು ಒಂದು ಓಣಿಯಲ್ಲಿ ತಿರುಗಿದರೆ ಗೌಸ್ ಸಾಬರ ಅಂಗಡಿ. ಅಂಗಡಿಗಿಂತ ಮೊದಲು ವಾಸನೆ ಸಿಗುತ್ತಿತ್ತು. ಮೈದಾ ಅಂಟಿಗೆ ಹುಳು ಹಿಡಿಯಬಾರದೆಂದು ಮೈಲುತುತ್ತ ಹಾಕಿ ಕುದಿಸುವ ವಾಸನೆ ಅದು. ಚೆನ್ನಾಗಿರುವುದಿಲ್ಲ, ಆದರೂ ಒಂದು ವಾರ ಸಿಗದಿದ್ದರೆ ನೆನಪಾಗುತ್ತದೆ. ಒಳಗೆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮೊಣಕಾಲು ಮಡಚಿ ಕೂತ ಸಾಬರು. ವಯಸ್ಸು ನಲವತ್ತೈದರ ಆಚೀಚೆ. ಹಾಳೆಗಳನ್ನು ಮಡಚಿ, ಬೆನ್ನಿಗೆ ಸೂಜಿ ಹಾಕಿ, ದಾರ ಎಳೆದು, ಒಮ್ಮೆ ಬೆರಳಿನಿಂದ ಸವರಿ ನೋಡುತ್ತಿದ್ದರು. ಅವರ ಹೊಲಿಗೆ ಎಷ್ಟು ನೆಟ್ಟಗಿರುತ್ತಿತ್ತೆಂದರೆ ನಮ್ಮ ಹೆಡ್ ಕ್ಲಾರ್ಕು ಅದನ್ನು ಸ್ಕೇಲಿಟ್ಟು ನೋಡಿ ಸುಮ್ಮನಾಗಿದ್ದರು.

ಅಂಗಡಿಯ ಹಿಂದಿನ ಗೋಡೆಗೆ ಒಂದು ಹಲಗೆ. ಅದರ ಮೇಲೆ, ಕಟ್ಟಿಸಲು ಕೊಟ್ಟು ಮತ್ತೆ ಯಾರೂ ಕೇಳಿಕೊಂಡು ಬಾರದ ಪುಸ್ತಕಗಳು. ಪುಸ್ತಕಗಳೆಂದರೆ ಹದಿನಾರು, ಇಪ್ಪತ್ತನಾಲ್ಕು ಪುಟದವು. ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಮುದ್ರಣಾಲಯಗಳಲ್ಲಿ, ಉಳಿದ ಗುಲಾಬಿ ಕಾಗದದ ಮೇಲೆ ಯಾರೋ ತಮ್ಮ ಖುಷಿಗೆ ಮಾಡಿಸಿಕೊಂಡವು. ಒಬ್ಬ ನಿವೃತ್ತ ಅಮೀನರು ನೆರೆಮನೆಯ ಬಚ್ಚಲ ನೀರಿನ ಮೇಲೆ ನೂರೆಂಟು ಷಟ್ಪದಿ ಬರೆದಿದ್ದರು. ಒಬ್ಬ ಶಾಲಾ ಮಾಸ್ತರರು, ಒಂದಾದ ಹೊಸ ರಾಜ್ಯಕ್ಕೆ ಹರಿಹರವೇ ರಾಜಧಾನಿಯಾಗಬೇಕೆಂದು, ನಕ್ಷೆಯ ಮೇಲೆ ದಾರ ಹಿಡಿದು ಅಳತೆ ಮಾಡಿ ತೋರಿಸಿದ್ದರು. ರೈಲ್ವೆ ಗ್ಯಾಂಗಿನವನೊಬ್ಬ ತಾನು ನಡೆದ ಸೇತುವೆಗಳನ್ನೆಲ್ಲ ಒಂದೊಂದಾಗಿ ವರ್ಣಿಸಿದ್ದ, ಯಾವ ಸೇತುವೆಯ ಯಾವ ಕಂಬದಲ್ಲಿ ಪಾರಿವಾಳ ಇದೆ ಎನ್ನುವುದನ್ನೂ ಬಿಟ್ಟಿರಲಿಲ್ಲ. ನಾನು ಅದುವರೆಗೆ ಓದಿದ್ದೆಲ್ಲ ದೊಡ್ಡವರ ಪುಸ್ತಕ. ಇವರು ಯಾರೂ ಕೇಳದಿದ್ದರೂ ಬರೆದವರು. ಚಾಪೆಯ ತುದಿಗೆ ಕೂತು ಸೇತುವೆಗಳ ಪುಸ್ತಕ ಓದಿ ಮುಗಿಸುವಷ್ಟರಲ್ಲಿ ದಾವಣಗೆರೆಯ ರೈಲು ಹೋಗಿತ್ತು.

"ತಗೊಂಡು ಹೋಗ್ರಿ" ಎಂದರು ಸಾಬರು. "ಬರದೋರು ಬರಂಗಿಲ್ಲ. ಓದೋರಾದ್ರೂ ಬಂದ್ರಲ್ಲ."

ಪುಸ್ತಕದ ಹುಚ್ಚು ಹಿಡಿಯಲು ದೊಡ್ಡ ಗ್ರಂಥವೇ ಬೇಕಾಗಿಲ್ಲ ನೋಡಿ. ನನಗೆ ಪಾರಿವಾಳದ ಲೆಕ್ಕ ಸಾಕಾಯಿತು. ಮುಂದೆ ಭಾನುವಾರ ಬಂತೆಂದರೆ ನಾನು ಹರಿಹರದ ರೈಲಿನಲ್ಲಿ. ಕೆಲವು ತಿಂಗಳಲ್ಲಿ ಹಲಗೆ ಖಾಲಿಯಾಯಿತು. ಓದಲು ಬೇರೇನೂ ಇಲ್ಲದಿದ್ದಾಗ ಮನುಷ್ಯ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಪತ್ರಿಕೆ ಹುಟ್ಟುಹಾಕಿದೆ.

ಜೊತೆಗೆ ಸಿಕ್ಕವನು ಹಾಲಪ್ಪ, ನಮ್ಮ ಗಿರಣಿಯ ನೇಯ್ಗೆ ಖಾತೆಯವನು. ಮಗ್ಗಗಳ ಸದ್ದಿನಲ್ಲಿ ಕೆಲಸ ಮಾಡಿ ಕಿವಿ ಮಂದವಾಗಿ, ಏನು ಹೇಳುವುದಿದ್ದರೂ ಕೂಗಿಯೇ ಹೇಳುತ್ತಿದ್ದ. ಪ್ರೇಮ ಕವಿತೆಯನ್ನೂ ಹಾಗೆಯೇ ಓದುತ್ತಿದ್ದ. ಪತ್ರಿಕೆಗೆ 'ಅರಳೆ' ಎಂದು ಹೆಸರಿಟ್ಟವನು ಅವನೇ. ಅಚ್ಚು ಹಾಕಿಸುವ ತಾಕತ್ತು ನಮಗಿರಲಿಲ್ಲ. ಆದ್ದರಿಂದ ಕೈಬರಹ, ಅದೂ ಒಂದೇ ಪ್ರತಿ. ಬರೆಯುವುದು ನನ್ನ ದುಂಡಗಿನ ಕೈ, ಕಟ್ಟುವುದು ಗೌಸ್ ಸಾಬರು. ಅದು ಹನ್ನೊಂದು ಓದುಗರ ಮನೆಗಳನ್ನು ಸುತ್ತಿ ವಾಪಸ್ ಹರಿಹರಕ್ಕೆ ಬರಬೇಕು. ಕೊನೆಯಲ್ಲಿ ಎರಡು ಖಾಲಿ ಪುಟ, ಮೇಲೆ 'ಅಭಿಪ್ರಾಯ' ಎಂಬ ತಲೆಬರಹ. ಓದಿದವರು ಅಲ್ಲಿ ನಾಲ್ಕು ಮಾತು ಬರೆಯದೆ ಮುಂದಿನವರಿಗೆ ದಾಟಿಸುವಂತಿಲ್ಲ. ಒಬ್ಬೊಬ್ಬರಿಗೆ ಮೂರು ದಿನ ಎಂದು ಕಾಯಿದೆ ಮಾಡಿದ್ದೆವು. ಮೂರು ದಿನ ಮೂರು ವಾರವಾಗುತ್ತಿತ್ತು. ಒಬ್ಬರು ಸಂಚಿಕೆಯನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮರೆತು, ಅಕ್ಕಿ ತಳ ಕಂಡಾಗ ಕಳಿಸಿಕೊಟ್ಟರು.

ಇನ್ನೊಂದು ಕಾಯಿದೆ ಇತ್ತು. ಅದನ್ನು ಮಾಡಿದವನು ನಾನೇ. ಮೊದಲ ಸಂಚಿಕೆಯಲ್ಲಿ ಒಬ್ಬ ಕೆಲಸಗಾರ ತನ್ನ ಖಾತೆಯ ಮೇಸ್ತ್ರಿಯಾದ ಜಾಬರನ ಮೇಲೆ ಬರೆದಿದ್ದ. ಹೆಸರು ಹೊರಬಿದ್ದು ಅವನಿಗೆ ಗಿರಣಿಯಲ್ಲಿ ಬಾಳುವುದೇ ಕಷ್ಟವಾಯಿತು. ಆಮೇಲೆ ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯತೊಡಗಿದೆ: 'ಬರೆದವರು ಯಾರೆಂದು ಯಾರೂ ಯಾರನ್ನೂ ಕೇಳಕೂಡದು.' ಬರಹಗಳನ್ನು ಸಾಬರ ಅಂಗಡಿಯ ಬಾಗಿಲ ಬಳಿ ಒಂದು ಬಿಸ್ಕೀಟಿನ ಡಬ್ಬಿಗೆ ಹೆಸರಿಲ್ಲದೆ ಹಾಕಬೇಕು. ನಾನು ಭಾನುವಾರ ಬಂದು ಒಯ್ದು, ನನ್ನ ಅಕ್ಷರದಲ್ಲಿ ಇಳಿಸಿ, ಮೂಲವನ್ನು ಬಚ್ಚಲ ಒಲೆಗೆ ಹಾಕಬೇಕು. ಎಷ್ಟು ಭದ್ರವಾದ ಏರ್ಪಾಡು ಎಂದು ನನಗೆ ಹೆಮ್ಮೆಯಿತ್ತು. ಭದ್ರವಾಗಿಯೇ ಇತ್ತು.

'ಅರಳೆ'ಯಲ್ಲಿ ಯಾರೂ ಸುಖವಾಗಿ ಬಾಳಲಿಲ್ಲ. ಇದು ಸಂಪಾದಕನ ರುಚಿ. ದುಃಖದಲ್ಲಿ ಮುಗಿಯುವ ಕಥೆಯೇ ಕಥೆ, ಮಿಕ್ಕಿದ್ದು ಅಜ್ಜಿ ಕಥೆ ಎಂಬುದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಕಂಡುಕೊಂಡ ಸತ್ಯ. ಮನೆಯಲ್ಲಿ ಹೊತ್ತುಹೊತ್ತಿಗೆ ಊಟ, ಮೈಯಲ್ಲಿ ಆರೋಗ್ಯ, ಲೋಕದ ದುಃಖದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಲು ಇನ್ನೇನು ಬೇಕು. ಯಾರಾದರೂ ಕಥೆಯ ಕೊನೆಗೆ ಮದುವೆ ಮಾಡಿಸಿದರೆ ನಾನು ಅದನ್ನು ಮುರಿಯುತ್ತಿದ್ದೆ. ಜ್ವರ ಬಿಟ್ಟ ಮಗುವಿಗೆ ಮತ್ತೆ ಜ್ವರ ಬರಿಸುತ್ತಿದ್ದೆ. "ಹಿಂಗೇ ಎಲ್ಲಾರನ್ನೂ ಹೊಳಿಗೆ ತಳ್ಳಿಕೋತ ಹೋದ್ರೆ ತುಂಗಭದ್ರೆ ನೀರು ಕುಡಿಯಾಕ ಬರಂಗಿಲ್ಲ ನೋಡಲೇ" ಎಂದು ಹಾಲಪ್ಪ ಓಣಿಗೆಲ್ಲ ಕೇಳುವಂತೆ ಹೇಳಿದ್ದ.

ಗೌಸ್ ಸಾಬರು ಪ್ರತಿ ಸಂಚಿಕೆಯನ್ನು ಹೊಲಿಯುವ ಮೊದಲು ಪೂರ್ತಿ ಓದುತ್ತಿದ್ದರು. ಕನ್ನಡ, ಉರ್ದು ಎರಡೂ ಬಲ್ಲವರು. ಅಂಗಡಿಯ ಚೀಟಿಗಳನ್ನೆಲ್ಲ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದುದರಿಂದ ಅವರ ಕನ್ನಡದ ಅಕ್ಷರವನ್ನು ನಾನು ನೋಡಿಯೇ ಇರಲಿಲ್ಲ. ನನ್ನನ್ನು ತಮಾಷೆಗೆ ಸಂಪಾದಕರು ಎನ್ನುತ್ತಿದ್ದರು. "ಸಂಪಾದಕರು ಬಂದ್ರು, ಬರ್ರಿ, ಕೂಡ್ರಿ. ಚಾಂದಬೀ, ಚಾ ಇಡು. ಈ ಸಲ ಎಷ್ಟು ಮಂದಿನ ಸಾಯಿಸೀರಿ?" ಚಾಂದಬೀ ಅವರ ಹೆಂಡತಿ, ನನಗೆ ಅಕ್ಕ. ಅಂಗಡಿಯ ಹಿಂದೆಯೇ ಮನೆ. ಆ ಚಾಪೆಯ ಮೇಲೆ ಕುಡಿದಷ್ಟು ಚಹ ನಾನು ನನ್ನ ಬೀಗರ ಮನೆಯಲ್ಲೂ ಕುಡಿದಿಲ್ಲ.

ಒಂದು ದೀಪಾವಳಿ ಕಳೆದ ಮೇಲಿನ ಭಾನುವಾರ ಡಬ್ಬಿಯಲ್ಲಿ ಒಂದು ಕಥೆ ಸಿಕ್ಕಿತು. ದಾವಣಗೆರೆಗೆ ತಂದು ಕಿಟಕಿಯ ಬಳಿ ಹಿಡಿದು ನೋಡಿದರೆ ಅಕ್ಷರ ವಿಪರೀತ ಕೆಟ್ಟದಾಗಿತ್ತು. ಒಂದು ಸಾಲು ಇನ್ನೊಂದರ ಮೇಲೆ ಹತ್ತಿತ್ತು. ಬಲಗಡೆ ಕಾಗದ ಮುಗಿದದ್ದು ಬರೆಯುವವನಿಗೆ ಗೊತ್ತಾಗದೆ ಪದಗಳು ಅರ್ಧಕ್ಕೆ ತುಂಡಾಗಿದ್ದವು. ಯಾರೋ ಅಸಡ್ಡೆಯ ಆಸಾಮಿ ಎಂದು ಬೈದುಕೊಂಡೇ ಓದಿದೆ. ಓದಿ ಮುಗಿಸಿದಾಗ ಎದ್ದು ಓಡಾಡಿದೆ. ನಮ್ಮ ಪತ್ರಿಕೆಗೆ ಅದುವರೆಗೆ ಅಂಥದ್ದು ಬಂದಿರಲಿಲ್ಲ.

ಕಥೆ ಒಬ್ಬ ದರ್ಜಿಯದು. ಅವನ ಕಣ್ಣು ಅಂಚಿನಿಂದ ಒಳಗೆ ಮುಚ್ಚಿಕೊಂಡು ಬರುತ್ತಿದೆ. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದಲ್ಲಿದ್ದದ್ದು ಇಲ್ಲ. ಸಂತೆಯಲ್ಲಿ ಕನ್ನಡಕ ಕೊಳ್ಳುತ್ತಾನೆ, ಉಪಯೋಗವಾಗುವುದಿಲ್ಲ. ಬೆಳಿಗ್ಗೆ ಹೆಂಡತಿಯಿಂದ ಇಪ್ಪತ್ತು ಸೂಜಿಗೆ ದಾರ ಹಾಕಿಸಿಟ್ಟುಕೊಂಡು ಅಂಗಡಿ ತೆರೆಯುತ್ತಾನೆ. ವಯಸ್ಸಾಯಿತಲ್ಲ ಎಂದು ಅವಳಿಗೆ ಹೇಳಿದ್ದಾನೆ. ಗಿರಾಕಿಗೆ ಗೊತ್ತಾದರೆ ಬಟ್ಟೆ ಯಾರು ಕೊಡುತ್ತಾರೆ. ಆಸ್ಪತ್ರೆಗೆ ಒಬ್ಬನೇ ಹೋಗಲು ಧೈರ್ಯವಿಲ್ಲ, ಹೋದರೆ ಏನು ಹೇಳಿಬಿಡುತ್ತಾರೋ ಎಂಬ ಅಂಜಿಕೆ. ಹೀಗೇ ಒಂದು ದಿನ ಅಂಗಿಯ ಒಂದು ತೋಳನ್ನು ತಿರುವುಮುರುವಾಗಿ ಹೊಲಿಯುತ್ತಾನೆ, ಗಿರಾಕಿ ಬೈದು ಹೋಗುತ್ತಾನೆ. ದರ್ಜಿ ದೀಪ ಹಚ್ಚದೆ ಕೂರುತ್ತಾನೆ.

ಅದರ ಕೆಳಗೆ ಇನ್ನೂ ನಾಲ್ಕು ಸಾಲಿದ್ದವು. ಪಕ್ಕದ ಅಂಗಡಿಯವನು ಬರುತ್ತಾನೆ. ಏನಪ್ಪ, ನಿನ್ನ ಕಣ್ಣಿಗೆ ಏನಾಗಿದೆ ಎಂದು ತಾನಾಗಿಯೇ ಕೇಳುತ್ತಾನೆ. ಏಳು, ದವಾಖಾನೆಗೆ ಹೋಗೋಣ ಎಂದು ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ಅಷ್ಟೇ.

ನನಗೆ ಸಿಟ್ಟೇ ಬಂತು. ಇಷ್ಟು ಚೆನ್ನಾಗಿ ಬರೆದವನು ಕೊನೆಗೆ ಬೆಲ್ಲ ಯಾಕೆ ಹಾಕಿದ? ಜೀವನದಲ್ಲಿ ಯಾರು ಹೀಗೆ ಬಂದು ಕೇಳುತ್ತಾರೆ? ಕೇಳಿದರೂ ಇಷ್ಟು ಸರಿಯಾದ ಹೊತ್ತಿಗೆ ಬರುತ್ತಾರೆಯೇ? ಹಾಲಪ್ಪನಿಗೆ ಹೇಳಿದಾಗ ಅವನು, "ಇರ್ಲಿ ಬಿಡಲೇ, ಒಬ್ಬನಾದ್ರೂ ಬದುಕ್ಲಿ" ಎಂದ. ಸಾಹಿತ್ಯ ನಿನಗೆ ತಿಳಿಯುವುದಿಲ್ಲ ಎಂದು ಅವನ ಬಾಯಿ ಮುಚ್ಚಿಸಿ, ನಾಲ್ಕೂ ಸಾಲು ಹೊಡೆದುಹಾಕಿದೆ. ದೀಪ ಹಚ್ಚದೆ ಕೂತಲ್ಲಿಗೆ ಕಥೆ ಮುಗಿಸಿದೆ. ನನ್ನ ಅಕ್ಷರದಲ್ಲಿ ಅದು ಬಹಳ ಗಂಭೀರವಾಗಿ ಕಂಡಿತು. ಮೂಲವನ್ನು ಕಾಯಿದೆಯ ಪ್ರಕಾರ ಒಲೆಗೆ ಹಾಕಿದೆ. ಆ ನೀರಿನಲ್ಲೇ ಸ್ನಾನ ಮಾಡಿದೆ.

ಹಾಳೆಗಳನ್ನು ಕಟ್ಟಲು ಕೊಡಲು ಹೋದಾಗ ಸಾಬರು ಓದಲಿಲ್ಲ. "ಆಮ್ಯಾಲೆ ಓದ್ತೀನ್ರಿ, ಇಲ್ಲಿಡ್ರಿ" ಎಂದರು. ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ಮುಂದಿನ ಭಾನುವಾರ ಹೋದರೆ ಸಂಚಿಕೆ ಸಿದ್ಧವಾಗಿತ್ತು, ಆದರೆ ಹೊಲಿಗೆ ಓರೆ. ನಡುವಿನ ಒಂದು ಹಾಳೆ ತಲೆಕೆಳಗಾಗಿ ಸೇರಿಬಿಟ್ಟಿತ್ತು. ನನಗೆ ರೇಗಿತು. ಹನ್ನೊಂದು ಮನೆಗೆ ಹೋಗುವ ಪತ್ರಿಕೆ, ಅದೂ ಇಂಥ ಕಥೆ ಇರುವ ಸಂಚಿಕೆ.

"ಸಾಬ್ರೆ, ಈ ಸಲ ಮನಸ್ಸು ಎಲ್ಲಿತ್ತು ನಿಮ್ದು?" ಎಂದೆ.

"ತಪ್ಪಾತ್ರಿ" ಎಂದರು. ಚಹ ಬಂತು, ನಾನು ಮುಖ ಗಂಟುಹಾಕಿಕೊಂಡೇ ಕುಡಿದೆ. ಬಿಚ್ಚಿ ಮತ್ತೆ ಕಟ್ಟಿಕೊಡುತ್ತೇನೆ ಎಂದು ಅವರು ಕೈ ಚಾಚಿದರು, ನಾನು ಬೇಡವೆಂದು ಎದ್ದುಬಂದೆ.

ಇಷ್ಟು ಹೊತ್ತಿಗೆ ನಿಮಗೆ ತಿಳಿದುಹೋಗಿದೆ, ಅಲ್ಲವೇ. ನಿಮಗೆ ಕಾಲು ಗಂಟೆಯಲ್ಲಿ ತಿಳಿದದ್ದು ನನಗೆ ಐದು ತಿಂಗಳು ತಿಳಿಯಲಿಲ್ಲ. ವಾರಕ್ಕೊಮ್ಮೆ ಎದುರಿಗೆ ಕೂತು ಚಹ ಕುಡಿಯುವವನಿಗೆ ತಿಳಿಯಲಿಲ್ಲ. ಅಂಗಡಿಯ ಹೊಸ್ತಿಲ ಪಕ್ಕದ ಅಂಟಿನ ಗಡಿಗೆಗೆ ಸಾಬರ ಕಾಲು ಎರಡು ಸಲ ತಗುಲಿದ್ದನ್ನು ನೋಡಿದ್ದೆ. ನೋಡಿ ನಕ್ಕಿದ್ದೆ ಕೂಡ. ಕಥೆಯಲ್ಲಿ ಬಂದ ಕುರುಡಿಗೆ ಕಣ್ಣಲ್ಲಿ ನೀರು ತಂದುಕೊಂಡವನು ನಾನು.

ಸಂಚಿಕೆ ದೀಪಾವಳಿಯ ಆಚೆ ಹೊರಟದ್ದು, ಯುಗಾದಿ ಕಳೆದ ಮೇಲೆ ನನ್ನ ಕೈಗೆ ತಿರುಗಿ ಬಂತು. ದಾರಿಯಲ್ಲಿ ಒಬ್ಬರ ಮನೆಯಲ್ಲಿ ಮದುವೆ, ಒಬ್ಬರಿಗೆ ವರ್ಗ, ಒಬ್ಬರು ಉಕ್ಕಡಗಾತ್ರಿಗೆ ಹರಕೆ ತೀರಿಸಲು ಹೋಗುವಾಗ ಜೊತೆಗೆ ಒಯ್ದು ಅಲ್ಲೇ ಬಿಟ್ಟು ಬಂದು, ಮತ್ತೆ ಹೋಗಿ ತಂದಿದ್ದರು. ಅಭಿಪ್ರಾಯದ ಎರಡೂ ಪುಟ ತುಂಬಿ ಅಂಚಿನಲ್ಲೆಲ್ಲ ಬರೆದಿದ್ದರು. ಎಲ್ಲವೂ ದರ್ಜಿಯ ಕಥೆಯ ಬಗ್ಗೆಯೇ. 'ಅಂತ್ಯ ಎದೆ ಕಲಕಿತು.' 'ದೀಪ ಹಚ್ಚದೆ ಕೂತದ್ದು ಬಹಳ ಪರಿಣಾಮಕಾರಿ.' 'ಹೀಗೆ ಮುಗಿಸಲು ಧೈರ್ಯ ಬೇಕು.' ಒಬ್ಬರು ಮಾತ್ರ ಕೆಳಗೆ, 'ಬೈಂಡಿಂಗ್ ಬಗ್ಗೆ ಲಕ್ಷ್ಯ ಕೊಡತಕ್ಕದ್ದು' ಎಂದು ಬರೆದಿದ್ದರು. ನಾನು ಆ ಪುಟಗಳನ್ನು ರೈಲಿನಲ್ಲಿ ಮೂರು ಸಲ ಓದಿದೆ. ಹೊಗಳಿಕೆಯೆಲ್ಲ ನಾನು ಕತ್ತರಿಸಿದ ಜಾಗಕ್ಕೇ ಸಂದಿತ್ತು.

ಮಧ್ಯಾಹ್ನದ ಹೊತ್ತು. ಸಾಬರು ಚಾಪೆಯ ಮೇಲೆ ಕೂತು ಹಾಳೆ ಮಡಚುತ್ತಿದ್ದರು. ನಾನು ಬಂದದ್ದು ತಿಳಿದು, "ಸಂಪಾದಕರೇನ್ರಿ? ಕೂಡ್ರಿ" ಎಂದರು. ಸಂಚಿಕೆ ತಿರುಗಿ ಬಂದಿದೆ ಎಂದೆ. ಅವರ ಕೈ ನಿಂತಿತು.

"ಹೌದಾ. ಏನಂದಾರ್ರಿ ಮಂದಿ? ಓದ್ರಿ, ಕೇಳೋಣ."

"ಎಲ್ಲಾರೂ ಆ ದರ್ಜಿ ಕತೆ ಮೆಚ್ಚ್ಯಾರ. ಭಾರೀ ಮೆಚ್ಚ್ಯಾರ."

"ಮೊದ್ಲು ಕತೆ ಓದ್ರಿ. ನಾ ಓದಿಲ್ಲ. ಆಮ್ಯಾಲೆ ಮಂದಿ ಮಾತು."

ನಾನು ಗಂಟಲು ಸರಿಮಾಡಿಕೊಂಡು ಓದಿದೆ. ನನ್ನ ಓದು ಚೆನ್ನಾಗಿತ್ತು, ಅದಕ್ಕೂ ಹೆಮ್ಮೆಯಿತ್ತು. ಚಾಂದಬೀ ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಇಪ್ಪತ್ತು ಸೂಜಿಯ ಮಾತು ಬಂದಾಗ ಅವರು ಒಳಗೆ ಹೋಗಿಬಿಟ್ಟರು. ಒಲೆಯ ಮೇಲೆ ಏನಾದರೂ ಇರಬೇಕು ಎಂದುಕೊಂಡೆ. ದೀಪ ಹಚ್ಚದೆ ಕೂತಲ್ಲಿಗೆ ಬಂದು, ಧ್ವನಿ ತಗ್ಗಿಸಿ, ನಿಲ್ಲಿಸಿದೆ.

ಸಾಬರು ಮುಂದೆ ಬಾಗಿ ಕಾಯುತ್ತಿದ್ದರು.

"ಮುಂದೆ?" ಎಂದರು.

"ಮುಂದೆ ಇಲ್ರಿ. ಮುಗೀತು."

"ಇನ್ನ ನಾಕು ಸಾಲು ಇರಬೇಕಲ್ರಿ" ಎಂದರು.

ಇವರಿಗೆ ಹೇಗೆ ಗೊತ್ತು ಎಂದು ಕೇಳಲು ಬಾಯಿ ತೆರೆದೆ. ಅವರು ನನ್ನ ಮುಖದ ಕಡೆ ನೋಡುತ್ತಿದ್ದರು, ಆದರೆ ಮುಖದಿಂದ ಒಂದು ಗೇಣು ಆಚೆಗೆ. ಅವರ ಬಲಗಡೆ ಬಟ್ಟೆಯ ದಿಂಬಿನಲ್ಲಿ ಸೂಜಿಗಳು ಸಾಲಾಗಿ ಚುಚ್ಚಿದ್ದವು, ಎಲ್ಲಕ್ಕೂ ದಾರ ಹಾಕಿತ್ತು. ಅವು ಅಲ್ಲಿ ಎಷ್ಟು ತಿಂಗಳಿಂದ ಇದ್ದವೋ ನನಗೆ ಗೊತ್ತಿಲ್ಲ. ಎಣಿಸುವ ಧೈರ್ಯವೂ ಆಗಲಿಲ್ಲ.

"ಸಾಬ್ರೆ, ನನಗೊಂದು ಮಾತು ಹೇಳಬಾರದಿತ್ತಾ?" ಎಂದೆ.

"ಬಾಯಿಬಿಟ್ಟು ಹೇಳಾಕ ಆಗಲಿಲ್ರಿ. ಹತ್ತು ಸಲ ಹೇಳಬೇಕಂದೆ. ಕಣ್ಣಿಲ್ದ ಬೈಂಡರಗೆ ಯಾರು ಪುಸ್ತಕ ಕೊಡ್ತಾರೆ. ಬರದು ಹಾಕಿದ್ರೆ, ಓದಿ, ಯಾರಾದ್ರೂ ಒಬ್ರು ಬಂದು ಕೇಳ್ತಾರೆ ಅನ್ಕೊಂಡಿದ್ದೆ."

"ಕೇಳಬಾರದು ಅಂತ ಕಾಯಿದೆ ಇತ್ತಲ್ರಿ."

"ಕಾಯಿದೆ ಮಾಡ್ದೋರು ನೀವೇ ಅಲ್ಲೇನ್ರಿ" ಎಂದರು ಸಾಬರು. "ನೀವು ಮುರೀತೀರಿ ಅನ್ಕೊಂಡಿದ್ದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇವತ್ತು ಇಷ್ಟು ವಯಸ್ಸಾದ ಮೇಲೂ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ.

ಮಾರನೆಯ ದಿನ ಗಿರಣಿಗೆ ರಜೆ ಹಾಕಿ ಅವರನ್ನು ದಾವಣಗೆರೆಗೆ ಕರೆದುಕೊಂಡು ಬಂದೆ. ರೈಲು ಹತ್ತಿಸುವಾಗ ಕೈ ಹಿಡಿದೆ. ಕಥೆಯಲ್ಲಿ ಇದ್ದ ಹಾಗೆಯೇ ಹಿಡಿದಿದ್ದೇನೆ ಎಂದು ಆಗ ಹೊಳೆದು, ಆ ಕೈ ಬಿಡಲೂ ಆಗದೆ ಹಿಡಿಯಲೂ ಆಗದೆ ಒದ್ದಾಡಿದೆ. ಕಣ್ಣಿನ ವೈದ್ಯರು ಬಹಳ ಹೊತ್ತು ನೋಡಿದರು. ಒಂದು ಕಣ್ಣಿನಲ್ಲಿ ಏನೂ ಉಳಿದಿಲ್ಲ, ಇನ್ನೊಂದರಲ್ಲಿ ಬಾಗಿಲ ಸಂದಿಯಷ್ಟು ಉಳಿದಿದೆ ಎಂದರು. ಹೋದದ್ದು ತಿರುಗಿ ಬರುವ ಜಾತಿಯ ರೋಗವಲ್ಲ ಇದು, ಇದ್ದದ್ದನ್ನು ಕಾಯ್ದುಕೊಳ್ಳಬಹುದಿತ್ತು ಅಷ್ಟೇ. ನನ್ನನ್ನು ಪಕ್ಕಕ್ಕೆ ಕರೆದು, ದೀಪಾವಳಿಯ ಹೊತ್ತಿಗಾದರೂ ಯಾಕೆ ತರಲಿಲ್ಲ ಎಂದು ಕೇಳಿದರು. ಅವರು ದೀಪಾವಳಿ ಎಂದೇ ಯಾಕೆ ಅಂದರೋ. ಸುಮ್ಮನೆ ಬಾಯಿಗೆ ಬಂದದ್ದು ಅಂದಿರಬೇಕು.

ಔಷಧಿ ಹಾಕಿದರು. ಬಾಗಿಲ ಸಂದಿಯೂ ವರ್ಷದೊಳಗೆ ಮುಚ್ಚಿತು. ಅಂಗಡಿ ಮಾತ್ರ ಮುಚ್ಚಲಿಲ್ಲ. ಚಾಂದಬೀ ಅಕ್ಕ ಚಾಪೆಯ ಮೇಲೆ ಬಂದು ಕೂತರು. ಅಂಟು ಕಾಸಿ, ದಾರ ಎಳೆದು, ಗಂಡ ಹೇಳಿದಂತೆ ಹೊಲಿಯುತ್ತಿದ್ದರು. ಸಾಬರು ಪಕ್ಕದಲ್ಲಿ ಕೂತು ಬೆರಳಿನಿಂದ ಸವರಿ, ಇಲ್ಲಿ ಹೊಲಿಗೆ ಒಂದು ನೂಲಿನಷ್ಟು ಒಳಗೆ ಹೋಗೈತೆ, ಬಿಚ್ಚು ಎನ್ನುತ್ತಿದ್ದರು. ಗಿರಾಕಿಗಳು ಒಬ್ಬರೂ ಬಿಟ್ಟುಹೋಗಲಿಲ್ಲ. ಅಷ್ಟು ದಿನ ಯಾತಕ್ಕೆ ಹೆದರಿದರೋ ಅದು ಆಗಲೇ ಇಲ್ಲ. ಇದನ್ನು ನೆನೆದರೆ ನನಗೆ ಸಮಾಧಾನವಾಗುವುದರ ಬದಲು ಇನ್ನಷ್ಟು ಸಂಕಟವಾಗುತ್ತದೆ.

'ಅರಳೆ' ಮತ್ತೆ ಹೊರಡಲಿಲ್ಲ. ನಿಲ್ಲಿಸುತ್ತೇವೆಂದು ಯಾರೂ ಹೇಳಲಿಲ್ಲ, ನಾನು ಡಬ್ಬಿ ತೆರೆಯುವುದನ್ನು ಬಿಟ್ಟೆ ಅಷ್ಟೇ. ಹಾಲಪ್ಪ ಕೆಲವು ದಿನ ಕೂಗಾಡಿ, ಆಮೇಲೆ ಅವನೂ ಕೇಳುವುದನ್ನು ಬಿಟ್ಟ. ನಾನು ಭಾನುವಾರ ಹರಿಹರಕ್ಕೆ ಹೋಗುವುದು ನಿಲ್ಲಲಿಲ್ಲ. ಮುದ್ರಣಾಲಯಗಳಲ್ಲಿ ಸಿಕ್ಕ ಇಪ್ಪತ್ತನಾಲ್ಕು ಪುಟದ ಪುಸ್ತಕಗಳನ್ನೆಲ್ಲ ಆರಿಸಿ ಒಯ್ದು ಸಾಬರಿಗೆ ಓದಿ ಹೇಳುತ್ತಿದ್ದೆ. ಒಂದು ಅಕ್ಷರ ಬಿಡುತ್ತಿರಲಿಲ್ಲ. ಮುದ್ರಕರ ಹೆಸರು, ವಿಳಾಸ ಸಹ ಓದುತ್ತಿದ್ದೆ. ಅವರು ನಗುತ್ತಿದ್ದರು.

ಒಂದು ಭಾನುವಾರ ಆ ಹಳೆಯ ಸಂಚಿಕೆಯನ್ನೇ ತೆಗೆದುಕೊಂಡು ಹೋದೆ. ದರ್ಜಿಯ ಕಥೆ ಮುಗಿದ ಕಡೆ ಪುಟದ ಕೆಳಗೆ ಜಾಗವಿತ್ತು. ಶಾಯಿ ತುಂಬಿಸಿದ ಪೆನ್ನು ತೆಗೆದು, ಸಂಚಿಕೆ ತೊಡೆಯ ಮೇಲಿಟ್ಟುಕೊಂಡು ಹೇಳಿದೆ:

"ಸಾಬ್ರೆ, ಆ ನಾಕು ಸಾಲು ಹೇಳ್ರಿ. ಅರ್ಥ ನನಗ ನೆನಪೈತೆ, ನಿಮ್ಮ ಮಾತು ನೆನಪಿಲ್ಲ. ನೀವು ಹೆಂಗೆ ಬರ್ದಿದ್ರೋ ಹಂಗೇ ಬರೀತೀನಿ. ಏನೂ ತಿದ್ದಂಗಿಲ್ಲ."

ಚಾಂದಬೀ ಅಕ್ಕ ದಾರ ಎಳೆಯುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದರು.

"ನೆನಪೈತ್ರಿ" ಎಂದರು ಸಾಬರು. "ಒಂದೊಂದು ಅಕ್ಷರ ನೆನಪೈತೆ. ಆದ್ರೆ ಬ್ಯಾಡ್ರಿ. ಅವಾಗ ಅದು ಕತೆ ಆಗಿತ್ತು. ಈಗ ಬರದ್ರೆ ಸುಳ್ಳಾಗ್ತೈತೆ."